ಒಂದಕ್ಕೆ ಹತ್ತು

ಗುಜ್ಜಿಯನ್ನು ಕೊಟ್ಟ ಮೇಲೂ ಮೂರು ದಿನ
ಅಕ್ಕಿ ತೊಳೆದ ನೀರು ಚೆಲ್ಲಲಿಲ್ಲ ನಾನು.
ಕೈ ತಾನಾಗೇ ಬಾನಿಯತ್ತ ಹೋಗುತ್ತಿತ್ತು.
ಕಲಗಚ್ಚು ಕಂಠದವರೆಗೆ ಬಂತು,
ಅದಕ್ಕಿಳಿಯುವ ಮೂತಿ ಇಲ್ಲ.

ಪೆನ್ಷನ್ ಮೊಹಲ್ಲಾದ ನಮ್ಮ ಬೀದಿಯಲ್ಲಿ
ಕೊನೆಯ ಖಾಲಿ ಸೈಟಿಗೂ ಕಾಂಪೌಂಡು ಬಿದ್ದು
ಗೂಟಕ್ಕೆ ಜಾಗ ಉಳಿದಿರಲಿಲ್ಲ.

ನಾಲ್ಕನೇ ದಿನ ಹುಳಿ ಘಮಲು, ಮೇಲೆ ಬಿಳಿ ಪದರ.
ಮೋರಿಗೆ ಹೊತ್ತು ಹೊರಟವಳು
ಭಾರ ತಾಳದೆ ಗೇಟಿನ ಬಳಿಯ ಸೀಬೆಯ ಬುಡಕ್ಕೇ ಸುರಿದೆ.
ಹದಿನೈದು ದಿನಕ್ಕೆ ಚಿಗುರಿತು.
ಮಳೆಗೋ, ನನ್ನ ಕಲಗಚ್ಚಿಗೋ,
ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಬಂತು ನೀಲಿ ಡ್ರಮ್ಮು.
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸಂಜೆ ಏಳಾದ ಮೇಲೆ
ಕಾಲಿಗೆ ಸಿಕ್ಕಿದ್ದೆಲ್ಲ ಪುಕ್ಕಟೆ:
ಕೋಸಿನ ಹೊರ ಎಲೆ, ಮೂಲಂಗಿ ಸೊಪ್ಪು,
ಯಾರೋ ತುಳಿದ ಟೊಮೆಟೊ.
“ಮೊಲ ಸಾಕಿದ್ದೀರೇನಕ್ಕ?” ಅಂದ ತರಕಾರಿ ದ್ಯಾವಯ್ಯ.
“ಎಮ್ಮೆ” ಅಂದೆ.

ಸುಳ್ಳೇನಲ್ಲ.
ಬೆಳಗ್ಗೆ ಮುಚ್ಚಳ ಎತ್ತಿದರೆ ಗುಳುಗುಳು ಮೆಲುಕು,
ಆಮೇಲೊಂದು ತೇಗು. ಮುಖ ಪಕ್ಕಕ್ಕೆ ತಿರುಗಿಸಬೇಕು.
ಬಿದಿರು ಕೋಲಿನಲ್ಲಿ ಎರಡು ಹೊತ್ತು ತಿರುವಬೇಕು,
ಬೆಲ್ಲದ ಡಬ್ಬಿಯ ತಳ ಕೆರೆದು ಹಾಕಬೇಕು,
ಹುಳಿ ಮಜ್ಜಿಗೆ ಒಂದು ಚೊಂಬು, ಟೀ ಚರಟ,
ಬಾಳೆಹಣ್ಣಿನ ಸಿಪ್ಪೆ ಎಷ್ಟಿದ್ದರೆ ಅಷ್ಟು.
ಹಿತ್ತಲ ಕಳೆಯೂ ಆದೀತು, ಹೂ ಬಿಡುವ ಮುಂಚೆ ಕಿತ್ತರೆ.
ಬೀಜಕ್ಕೆ ಬಂದ ಪಾರ್ಥೇನಿಯಂ ಹಾಕಿದ ವರ್ಷ
ಕುಂಡಕುಂಡಕ್ಕೂ ಅದೇ ಹುಟ್ಟಿ
ದೀಪಾವಳಿವರೆಗೆ ಸೀನಿದ್ದೇನೆ.
ಉಪ್ಪು ಬಿದ್ದ ಸಾರು ಬೇಡ, ಎಣ್ಣೆ ಬೇಡ.
ಗುಜ್ಜಿಗಿಂತ ನಾಜೂಕು ಇದರ ನಾಲಿಗೆ.

ಡಿಪೋದಲ್ಲಿ ಬಸ್ಸಿನ ಹೊಟ್ಟೆಯಡಿ ಮಲಗಿ
ಇಪ್ಪತ್ತಾರು ವರ್ಷ ಡೀಸೆಲ್ ಕುಡಿದ ನನ್ನ ಗಂಡ
ತಟ್ಟೆ ಎತ್ತಿಕೊಂಡು ಮುಂಬಾಗಿಲಿಗೆ ಹೋದ.
ಕೊಳೆತ ಆಲೂಗಡ್ಡೆ ಹಾಕಿದ ದಿನವಂತೂ
ಗೋಡೆಯಾಚೆಯಿಂದ ಮೆಹರುನ್ನೀಸಾ:
“ಅಕ್ಕಾ, ನಿಮ್ಮ ಎಮ್ಮೆ ಕೊಟ್ಟಿದ್ದಾ, ಹೂತಿದ್ದಾ?”

ಆದರೂ ನನ್ನ ಬದನೆಯ ಬಣ್ಣ ನೋಡಿದ್ದಳು.
ಒಂದು ಮಧ್ಯಾಹ್ನ ಗೋಡೆಯ ಮೇಲೆ ಖಾಲಿ ಬಾಟಲಿ ಇಟ್ಟಳು,
ಮಾತಿಲ್ಲದೆ, ಸಕ್ಕರೆ ಕೇಳುವ ಹಾಗೆ.
ಅವಳ ಕರಿಬೇವು, ದೊಡ್ಡ ಮಗಳ ನಿಕಾ ವರ್ಷ ನೆಟ್ಟದ್ದು,
ಎದೆಮಟ್ಟಕ್ಕೆ ಬಂದು ಹಟ ಹಿಡಿದು ನಿಂತಿತ್ತು.
ಹಳೇ ಪಂಚೆಯಲ್ಲಿ ಸೋಸಿ ಕೊಟ್ಟೆ.
ಎಷ್ಟು ದಿನ ಕೊಳೆಸಬೇಕು, ಹೇಳಿದೆ.
ಮುಚ್ಚಳ ಸಡಿಲ ಬಿಡಬೇಕು, ಇಲ್ಲದಿದ್ದರೆ ಸಿಡಿಯುತ್ತೆ, ಹೇಳಿದೆ.
ಯಾವ ಹೊತ್ತಿನಲ್ಲಿ ಹಾಕಬೇಕು, ಅದನ್ನೂ.

ಎಂಟನೇ ದಿನ ಅವಳ ಅಂಗಳದಲ್ಲಿ
ಕಂದು ಎಲೆ ಗುಡಿಸುವ ಸದ್ದು.
“ಒಳ್ಳೇದಲ್ವಾ ಅಂತ ಪೂರಾ ಹಾಕ್ದೆ, ಅಕ್ಕ.”

ಒಂದಕ್ಕೆ ಹತ್ತು ನೀರು.
ನನ್ನ ಕೈಗೆ ಅದು ಎಷ್ಟು ರೂಢಿಯೆಂದರೆ
ಬಾಯಿಗೆ ಹೇಳಬೇಕೆಂದೇ ಹೊಳೆದಿರಲಿಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ಸಲೀಸಿತ್ತು.
ಆ ವಾರ ನಮ್ಮ ಸಾರಿಗೆ ಒಗ್ಗರಣೆಯಲ್ಲಿ
ಕರಿಬೇವು ಹಾಕಲು ಮನಸ್ಸಾಗಲಿಲ್ಲ,
ಹಾಕದಿದ್ದರೆ ಗಂಡ ಕೇಳುತ್ತಾನೆ,
ಕೇಳಿದರೆ ಹೇಳಬೇಕು. ಹಾಕಿದೆ.

ಕೊನೆಗೆ ನಾನೇ ಗೋಡೆ ಸುತ್ತಿ ಹೋದೆ,
ಒಂದು ಬಕೆಟ್ಟು ಬರೀ ನೀರು ಹೊತ್ತು.
ಗೇಣುದ್ದ ಬಿಟ್ಟು ಕತ್ತರಿಸಿದ್ದಳು.
ಉಗುರಿನಿಂದ ತೊಗಟೆ ಗೀರಿ
“ನೋಡಿ, ಒಳಗೆ ಹಸಿರು ಇದೆ” ಅಂದಳು.
ನನಗೆ ಕಾಣಲಿಲ್ಲ.
“ಇದೆ” ಅಂದೆ.

ಈಗ ಅವಳದೂ ಒಂದು ಬಕೆಟ್ಟಿದೆ, ಕೆಂಪು ಬಣ್ಣದ್ದು,
ನಮ್ಮದರಷ್ಟೇ ನಾತ.
ಸಂಜೆ ಬಿಸಿಲಿಳಿದ ಮೇಲೆ
ಗೋಡೆಯಾಚೆ ಮಗ್ಗಿನ ಸದ್ದು,
ನನಗೆ ಕೇಳಲೆಂದೇ ಗಟ್ಟಿಯಾಗಿ ಎಣಿಕೆ:
ಏಕ್, ದೋ, ತೀನ್...
ಕೋಲು ಹಿಡಿದ ನನ್ನ ಕೈ ಅಲ್ಲೇ ನಿಲ್ಲುತ್ತೆ.
ದಸ್, ಅಂತಾಳೆ.
ಒಂದು ಗಳಿಗೆ ಬಿಟ್ಟು
ಇನ್ನೂ ಒಂದು ಮಗ್ಗು.